ಎಡಬದಿಗೆ ಬೇರೆ ಅಳತೆ

ಬಿಗಿಯಾದ ರವಿಕೆ ತೊಟ್ಟರೆ ಎದೆಗೆ ಕ್ಯಾನ್ಸರ್ ಬರುತ್ತದೆ ಎಂದು ನಮ್ಮ ರಾಯದುರ್ಗದಲ್ಲಿ ಗಟ್ಟಿಯಾಗಿ ನಂಬುವವರಿದ್ದಾರೆ. ನಾನು ನಲವತ್ತು ವರ್ಷ ಇದೇ ಊರಿನಲ್ಲಿ ರವಿಕೆ ಹೊಲಿದವಳು. ಹಾಗಾಗಿ ಆ ರೋಗ ನನಗೇ ಬಂದಾಗ ನಮ್ಮ ಬೀದಿಯ ಕೆಲವರಿಗೆ ಅದು ನ್ಯಾಯ ತೀರ್ಮಾನವಾದಂತೆ ಕಂಡಿತು. ಕಿರಾಣಿ ಅಂಗಡಿಯ ಕಟ್ಟೆಯ ಮೇಲಿದ್ದ ಒಬ್ಬಾಕೆ ನನಗೆ ಕೇಳಿಸಲೆಂದೇ, "ಊರ ಮಂದಿಗೆಲ್ಲಾ ಬಿಗಿ ಹೊಲದ್ಲು, ಈಗ ನೋಡ್ರಿ" ಎಂದಳು. ನಾನು ತಿರುಗಿ ನಿಂತು, "ನಿನ್ನ ರವಿಕಿ ನಾ ಸಡ್ಲ ಹೊಲದಿದ್ದೆನವ್ವ. ಬಿಗಿ ಆಗಿದ್ದು ಆಮ್ಯಾಲ ನೀ ಉಂಡ ಅನ್ನಕ್ಕ" ಎಂದೆ.

ಬಾಯಿ ಜೋರಾಗಿದ್ದರೂ ಮನಸ್ಸಿನಲ್ಲಿ ಹುಳ ಮೊದಲೇ ಹೊಕ್ಕಿತ್ತು. ಬಳ್ಳಾರಿಯಲ್ಲಿ ಡಾಕ್ಟರರು ವರದಿಯ ಹಾಳೆ ಬಿಡಿಸಿ ವಿಷಯ ಹೇಳಿ ಮುಗಿಸಿದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ ನನ್ನ ಆಯುಸ್ಸಿನದಲ್ಲ, ರವಿಕೆಯದು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಅಮ್ಮಾ, ರವಿಕೆಗೂ ಇದಕ್ಕೂ ಸಂಬಂಧವೇ ಇಲ್ಲ. ಯಾರು ಹೇಳಿದ್ರು ನಿಮಗೆ?" ಎಂದರು. "ಎಲ್ಲಾರೂ ಅಂತಾರ್ರಿ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಆಮೇಲೆ ನನಗೇ ನಾಚಿಕೆಯಾಯಿತು. ನಾನು ಶಾಲೆಯಲ್ಲಿ ಓದಿದ್ದು ಏಳನೆಯ ತರಗತಿಯವರೆಗೆ. ಉಳಿದುದನ್ನು ಊರಿನ ಗ್ರಂಥಾಲಯದಿಂದ, ರದ್ದಿ ಅಂಗಡಿಯಿಂದ, ಗಂಡನ ಅಂಗಡಿಗೆ ಸಾಮಾನು ಕಟ್ಟಿ ಬರುತ್ತಿದ್ದ ಕಾಗದಗಳಿಂದ ಓದಿಕೊಂಡೆ. "ಎಲ್ಲರೂ ಅನ್ನುತ್ತಾರೆ" ಎಂಬುದನ್ನು ಪುರಾವೆಯೆಂದು ಒಪ್ಪದೆ ಇಷ್ಟು ಕಾಲ ಬದುಕಿದವಳು ನಾನು. ಈ ಕಥನದಲ್ಲಿ ಎರಡು ಸಲ ನಾನು ಆ ನಿಯಮವನ್ನು ಮರೆತಿದ್ದೇನೆ, ಒಂದು ಸಲ ಅತಿಯಾಗಿ ಪಾಲಿಸಿದ್ದೇನೆ. ಮೂರರಿಂದಲೂ ಪೆಟ್ಟು ತಿಂದೆ.

ಗಂಟು ಸಿಕ್ಕಿದ್ದು ಟೇಪಿನ ಕೆಳಗೆ. ನನ್ನದೇ ರವಿಕೆಗೆ ಅಳತೆ ಹಿಡಿಯುತ್ತಿದ್ದಾಗ ಎಡಗಡೆ ಬೆರಳಿಗೆ ಶೇಂಗಾ ಬೀಜದಷ್ಟು ಗಟ್ಟಿಯಾದುದೊಂದು ತಗುಲಿತು. ನನ್ನ ಗಂಡ ಚನ್ನಬಸಪ್ಪನವರು ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿ ಇಟ್ಟುಕೊಂಡಿದ್ದಾರೆ. ಮಾತು ಕಡಿಮೆ. ವಿಷಯ ತಿಳಿಸಿದಾಗ ಅವರು ಒಂದು ಡಬ್ಬಿ ಗುಂಡಿಗಳನ್ನು ಚಾಪೆಯ ಮೇಲೆ ಸುರಿದು ಬಣ್ಣವಾರು ಬೇರ್ಪಡಿಸುತ್ತ ಕುಳಿತರು. ಅವು ಬೆಳಿಗ್ಗೆಯೇ ಬೇರ್ಪಡಿಸಿಟ್ಟ ಗುಂಡಿಗಳು. ಆ ದಿನ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ನೆನೆದರೆ ಬರುವುದು ಸಿಟ್ಟಲ್ಲ.

ಬಳ್ಳಾರಿಯ ಆ ಬೆಂಚುಗಳನ್ನು ಕುರಿತು ಒಂದೆರಡು ಮಾತು ಹೇಳಬೇಕು. ಅಲ್ಲಿ ಕುಳಿತವರು ಫೈಲನ್ನು ಎದೆಗೆ ಅವುಚಿಕೊಂಡಿರುತ್ತಾರೆ. ಯಾರೂ ಅದನ್ನು ತೆರೆಯುವುದಿಲ್ಲ. ಎಲ್ಲರೂ ಬಾಗಿಲನ್ನು ನೋಡುತ್ತಾರೆ. ತಮ್ಮ ಹೆಸರು ಕೂಗಿದರೂ ಅಂಜಿಕೆ, ಕೂಗದಿದ್ದರೂ ಅಂಜಿಕೆ. ಮೊದಲ ದಿನ ನನ್ನ ಪಕ್ಕದಲ್ಲಿ ಗುಮ್ಮಘಟ್ಟದ ಕಡೆಯ ಕುರಿಸಾಕಣೆಯ ಮನೆಯ ಹೆಂಗಸೊಬ್ಬಳಿದ್ದಳು. ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾ ತೆಗೆದು ನನ್ನ ಅಂಗೈಗೆ ಸುರಿದಳು. "ತಿನ್ರಿ. ಈ ಸಾಲಿನ್ಯಾಗ ಎಲ್ಲಾರೂ ಅಂಜಿದವರ ಅದೀವಿ. ಹಸಕೊಂಡು ಅಂಜೂದು ಯಾಕ?" ಎಂದಳು. ಅವಳ ಹೆಸರು ಕೇಳಲಿಲ್ಲ. ಅವಳ ಶೇಂಗಾ ತಿಂದೇ ಒಳಗೆ ಹೋದೆ.

ಎಡಸ್ತನವನ್ನು ಕಂಕುಳಿನ ಗ್ರಂಥಿಗಳ ಸಹಿತ ತೆಗೆದರು. ಶಸ್ತ್ರಕ್ರಿಯೆಯ ವಿವರ ನನಗೆ ಗೊತ್ತಿಲ್ಲ, ನಾನು ನಿದ್ದೆಯಲ್ಲಿದ್ದೆ. ಗೊತ್ತಿರುವುದು ರೇಡಿಯೇಶನ್ನಿನ ದಿನಗಳು. ನಾವು ಲಿಂಗಾಯತರು, ಕೊರಳಿನ ಶಿವದಾರದಲ್ಲಿ ಲಿಂಗ ಕಟ್ಟಿಕೊಂಡವರು. ಹುಟ್ಟಿದಂದು ಕಟ್ಟಿದ್ದನ್ನು ಮೈಯಿಂದ ಅಗಲಿಸುವ ರೂಢಿ ನಮ್ಮಲ್ಲಿಲ್ಲ. ಆದರೆ ಆ ಯಂತ್ರದ ಕೆಳಗೆ ಮಲಗುವಾಗ ಎದೆಯ ಮೇಲೆ ಏನೂ ಇರಬಾರದು. ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳು ಪ್ರತಿದಿನವೂ ಒಗೆದ ಬಿಳಿ ಟವೆಲ್ಲನ್ನು ಎರಡೂ ಕೈಗಳಲ್ಲಿ ಹಿಡಿದು ನಿಲ್ಲುತ್ತಿದ್ದಳು. ನಾನು ಲಿಂಗವನ್ನು ಅದರ ಮೇಲಿಡುತ್ತಿದ್ದೆ. ನಾನು ಎದ್ದು ಬರುವವರೆಗೂ ಅವಳು ಅದನ್ನು ಮೇಜಿನ ಮೇಲೆ ಇಡುತ್ತಿರಲಿಲ್ಲ. ಅವಳು ಯಾವ ಮತದವಳೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅದು ಮುಗಿದ ಮೇಲೆ ಆರೈಕೆಗೆಂದು ತಂಗಿ ಗಂಗಮ್ಮನ ಮನೆಗೆ ಹೋದೆ. ಅವಳದು ಮಡಕಶಿರಾದ ಆಚೆ, ಹೇಮಾವತಿ ಊರಿನ ದಾರಿಯಲ್ಲಿರುವ ಹಳ್ಳಿ. ನಾವು ಹುಟ್ಟಿ ಬೆಳೆದ ಸೀಮೆ. ನಾನು ಮೊದಲ ಸಲ ನಿಯಮ ಮರೆತದ್ದು ಡಾಕ್ಟರರ ಮುಂದೆ ಎಂದೆನಲ್ಲ, ಎರಡನೆಯ ಸಲ ಮರೆತದ್ದು ಈ ಮನೆಯಲ್ಲಿ. ಆಸ್ಪತ್ರೆಯವರು ದಿನವೂ ಕೈ ಆಡಿಸಬೇಕೆಂದು ಚಿತ್ರವಿದ್ದ ಹಾಳೆಯೊಂದನ್ನು ಕೊಟ್ಟಿದ್ದರು. ಗಂಗಮ್ಮ ಅದನ್ನು ನೋಡಿ ಮಡಿಚಿ ದೇವರ ಗೂಡಿನಲ್ಲಿಟ್ಟಳು.

"ಕೈ ಎತ್ಬ್ಯಾಡ ಕಣಕ್ಕ. ಕುಯ್ದಿರೋ ಜಾಗ, ವಲಿಗೆ ಬಿಚ್ಕಂಡ್ರೆ ಯಾರ್ ದಿಕ್ಕು? ಎಲ್ರೂ ಅದ್ನೇ ಏಳ್ತಾವ್ರೆ" ಎಂದು ನನ್ನ ಎಡಗೈಯನ್ನು ಹಳೆಯ ಸೀರೆಯಂಚಿನಲ್ಲಿ ಎದೆಗೆ ಬಿಗಿದು ಕಟ್ಟಿದಳು. ಕೂಸಿಗೆ ತಿನ್ನಿಸುವಂತೆ ತುತ್ತು ಕೊಟ್ಟಳು, ತಲೆ ಬಾಚಿದಳು. ಅಷ್ಟು ಪ್ರೀತಿಯಿಂದ ಹೇಳಿದ ಮಾತನ್ನು ಅನುಮಾನಿಸುವ ಮನಸ್ಸು ನನಗಾಗಲಿಲ್ಲ. ಮೂರು ತಿಂಗಳು ಹಾಗೆಯೇ ಕಳೆದವು. ರಾಯದುರ್ಗಕ್ಕೆ ಮರಳಿ ಕಟ್ಟು ಬಿಚ್ಚಿದಾಗ ಕೈ ಭುಜದ ಮಟ್ಟಕ್ಕೂ ಏರಲಿಲ್ಲ. ತುಕ್ಕು ಹಿಡಿದ ಬಾಗಿಲಿನಂತೆ ಒಂದು ಹಂತದಲ್ಲಿ ನಿಂತುಬಿಡುತ್ತಿತ್ತು. ಬೆರಳುಗಳು ಊದಿದ್ದವು.

ಕತ್ತರಿ ಹಿಡಿಯುವುದು ಬಲಗೈಯಾದರೂ ಬಟ್ಟೆಯನ್ನು ಆಳುವುದು ಎಡಗೈ ಎಂಬುದು ಹೊಲಿಯುವವರಿಗೆಲ್ಲ ಗೊತ್ತು. ಎತ್ತರದ ಮೇಜಿನ ಮೇಲೆ ಬಟ್ಟೆ ಹಾಸಿ, ಎಡಗೈಯನ್ನು ದೂರಕ್ಕೆ ಚಾಚಿ ಒತ್ತಿ ಹಿಡಿಯದಿದ್ದರೆ ಬಟ್ಟೆ ಜಾರುತ್ತದೆ, ಕತ್ತರಿ ದಾರಿ ತಪ್ಪುತ್ತದೆ. ಗೋಡೆಗೆ ನಿಂತು ಬೆರಳುಗಳನ್ನು ಮೇಲೆ ಹತ್ತಿಸುವ ವ್ಯಾಯಾಮ ಆರಂಭಿಸಿದೆ. ಎಷ್ಟು ಎತ್ತರ ಮುಟ್ಟಿದೆನೆಂದು ದಿನವೂ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದೆ. ಆರು ವಾರಗಳ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ದಪ್ಪನೆಯ ಒಂದೇ ಗೆರೆಯಾಯಿತು. ಕೈ ಮೊದಲಿನಂತಾಗದಿದ್ದರೆ ನಲವತ್ತು ವರ್ಷದ ಕೆಲಸ ಅಲ್ಲಿಗೆ ಮುಗಿಯಿತೆಂದು ನನಗೆ ಸ್ಪಷ್ಟವಾಗಿತ್ತು. ರೋಗದಲ್ಲಿ ಅಳದವಳು ಆ ದಪ್ಪ ಗೆರೆಯ ಮುಂದೆ ಅತ್ತೆ.

ವ್ಯಾಯಾಮ ಕಲಿಸುವ ಫಿಸಿಯೋಥೆರಪಿಯವರು ಗಾಯ ಪೂರ್ತಿ ಮಾಗಿದೆಯೇ ಎಂದು ನೋಡಿ, "ನಿಮಗೆ ಈಜು ಬರ್ತದಾ?" ಎಂದು ಕೇಳಿದರು. ಬರುತ್ತದೆ ಎಂದೆ. ಹುಡುಗಿಯಾಗಿದ್ದಾಗ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ನಮ್ಮ ತೋಟದ ಬಾವಿಯಲ್ಲಿ ಈಜು ಕಲಿತಿದ್ದೆ. "ಹಾಗಾದ್ರೆ ನೀರಿಗೆ ಇಳೀರಿ. ನೀರಿನಲ್ಲಿ ಕೈಯ ಭಾರ ನೀರೇ ಹೊರುತ್ತೆ" ಎಂದರು. ಬಾವಿಯ ವಿಚಾರ ನಡೆಯುವಂತಿರಲಿಲ್ಲ. ಬಾವಿಯಿಂದ ಮೇಲೆ ಬರಲು ಎರಡೂ ಕೈಗಳಿಂದ ಕಲ್ಲು ಹಿಡಿದು ಹತ್ತಬೇಕು. ಬಳ್ಳಾರಿ ರಸ್ತೆಯಲ್ಲಿ ಖಾಸಗಿಯವರು ಹೊಸದಾಗಿ ಒಂದು ಈಜುಕೊಳ ಕಟ್ಟಿಸಿದ್ದರು. ಬೆಳಿಗ್ಗೆ ಒಂದು ಗಂಟೆ ಹೆಂಗಸರಿಗೆ ಮೀಸಲು. ಕಲಿಸುವವಳು ಲಾವಣ್ಯ ಎಂಬ ಅನಂತಪುರದ ಹುಡುಗಿ. ತೆಲುಗಿನಲ್ಲಿ ಮಾತು ಶುರುಮಾಡಿ ಕನ್ನಡದಲ್ಲಿ ಮುಗಿಸುವವಳು.

ಬಾಗಿಲಲ್ಲೊಂದು ಫಲಕ. ಸೀರೆ, ನೈಟಿ, ಚೂಡಿದಾರ ತೊಟ್ಟು ನೀರಿಗಿಳಿಯುವಂತಿಲ್ಲ. ನೈಲಾನಿನ ಈಜುಡುಪು ಕಡ್ಡಾಯ. ಕೊರಳಲ್ಲಿ ಸರ, ದಾರ ಯಾವುದೂ ಇರಬಾರದು. ದಾರ ಯಾಕೆ ಕೂಡದೆಂದು ಕೇಳಿದೆ. "ನೀಳ್ಳಲ್ಲಿ ಎಲ್ಲಾದ್ರೂ ಸಿಕ್ಕಾಕ್ಕೊಂಡು ಕೊರಳಿಗೆ ಬಿಗಿದ್ರೆ ಕಷ್ಟ ಅಮ್ಮಾ" ಎಂದಳು ಲಾವಣ್ಯ. ಅದು ಕಾರಣವಿದ್ದ ಮಾತು. ಒಪ್ಪಿದೆ, ಲಿಂಗಕ್ಕೆ ಬೇರೆ ದಾರಿ ಮಾತ್ರ ತೋಚಲಿಲ್ಲ. ನೈಲಾನೇ ಯಾಕೆಂದು ಕೇಳಿದಾಗ, "ರೂಲ್ ಅಮ್ಮಾ" ಎಂದಳು. ಅದು ಕಾರಣವಿಲ್ಲದ ಮಾತೆಂದು ಮನಸ್ಸಿನಲ್ಲಿ ಬೇರೆಯಾಗಿ ಇಟ್ಟುಕೊಂಡೆ.

ಅರವತ್ತಾರನೆಯ ವಯಸ್ಸಿನಲ್ಲಿ ನಾನು ಬಳ್ಳಾರಿಯ ದೊಡ್ಡದೊಂದು ಬಟ್ಟೆ ಅಂಗಡಿಗೆ ಈಜುಡುಪು ಕೊಳ್ಳಲು ಹೋದದ್ದು ಹೀಗೆ. ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಒಳಗಿದ್ದ ಹುಡುಗಿ ತನ್ನ ಫೋನಿನಲ್ಲಿ ಒಂದು ಪಟ್ಟಿ ತೋರಿಸಿದಳು. ಅದರಲ್ಲಿ ಹೆಂಗಸರ ಮೈಗಳನ್ನು ಹಣ್ಣು ವಿಂಗಡಿಸಿದಂತೆ ವಿಂಗಡಿಸಿದ್ದರು: ಸೇಬಿನಾಕಾರ, ಪೇರಳೆಯಾಕಾರ, ಮರಳುಗಡಿಯಾರದ ಆಕಾರ, ನೆಟ್ಟನೆಯ ಪಟ್ಟಿಯಾಕಾರ. ಯಾವ ಆಕಾರಕ್ಕೆ ಯಾವ ಉಡುಪು ಒಪ್ಪುತ್ತದೆ ಎಂದು ಪಕ್ಕದಲ್ಲಿ ಬರೆದಿತ್ತು.

"ನಿಮ್ದು ಆ್ಯಪಲ್ ಶೇಪ್ ರಿ ಮೇಡಂ" ಎಂದಳು ಹುಡುಗಿ. "ಡಾರ್ಕ್ ಕಲರ್ ತಗೋರಿ, ಸಣ್ಣ ಕಾಣ್ತೀರಿ. ಉದ್ದುದ್ದ ಗೀರು ಇರ್ಬೇಕು. ಹೊಟ್ಟಿ ಮ್ಯಾಲ ಫ್ರಿಲ್ ಇದ್ರ ಹೊಟ್ಟಿ ಕಾಣಂಗಿಲ್ಲ."

"ಒಂದು ಕಡೆ ಕಚ್ಚಿದ ಸೇಬಿಗೆ ಏನೈತವ್ವ ನಿನ್ನ ಪಟ್ಟಿಯಾಗ?" ಎಂದು ಸೆರಗು ಸ್ವಲ್ಪ ಸರಿಸಿದೆ.

ಹುಡುಗಿ ಗಾಬರಿಯಾದಳು. ಪಾಪ, ಅವಳದೇನು ತಪ್ಪು? ಪಟ್ಟಿಯನ್ನು ಮೇಲೆ ಕೆಳಗೆ ಜಾರಿಸಿ ನೋಡಿ, "ಅಂಥಾದ್ದು ಬರದಿಲ್ರಿ" ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಎರಡೂ ಕಡೆ ದಪ್ಪನೆಯ ಬಟ್ಟಲುಗಳಿದ್ದ ಕರಿಯ ಉಡುಪೊಂದನ್ನು ತಂದಳು. ತೊಟ್ಟು ನೋಡಿದೆ. ಬಲಗಡೆಯ ಬಟ್ಟಲು ತುಂಬಿತು; ಎಡಗಡೆಯದು ಖಾಲಿಯಾಗಿ, ಬೆರಳೊತ್ತಿದರೆ ಒಳಕ್ಕೆ ತಗ್ಗಿ ಅಲ್ಲೇ ನಿಂತಿತು. ಎಡಭುಜದ ಪಟ್ಟಿ ಊದಿದ ಕೈಗೆ ಕಚ್ಚಿತು. ಕನ್ನಡಿಯಲ್ಲಿ ಕಂಡವಳು ಯಾರದೋ ಬಟ್ಟೆ ಕದ್ದು ತೊಟ್ಟವಳಂತಿದ್ದಳು.

ಬಸ್ಸಿನಲ್ಲಿ ಗಂಡ ಕೇಳಿದರು: "ಸಿಕ್ತೇನು?"

"ಇಲ್ಲ. ಆ ಪಟ್ಟಿ ಬರದಾವ ಟೇಪ ಹಿಡಿದಾವಲ್ಲ."

ಸಿಟ್ಟಿನಿಂದ ಆಡಿದ ಮಾತಾದರೂ ಅದರಲ್ಲಿ ಸತ್ಯವಿತ್ತು. ನಲವತ್ತು ವರ್ಷ ನಾನು ಅಳೆದ ಹೆಂಗಸರಲ್ಲಿ ಎಡಬಲ ಸಮನಾಗಿದ್ದವಳನ್ನು ನಾನು ಕಂಡಿಲ್ಲ. ಎಡಸೊಂಟದ ಮೇಲೆ ಕೊಡ ಹೊತ್ತವಳ ಬಲಭುಜ ಇಳಿದಿರುತ್ತದೆ. ವರ್ಷಗಟ್ಟಲೆ ಒಂದೇ ಕೈಯಲ್ಲಿ ಶೇಂಗಾ ಗಿಡ ಕಿತ್ತವಳ ತೋಳು ಆ ಕಡೆ ದಪ್ಪ. ಒಂದೇ ಮಗ್ಗುಲಲ್ಲಿ ಮಲಗಿ ಕೂಸಿಗೆ ಹಾಲೂಡಿದವಳ ಎದೆ ಒಂದೇ ಸಮ ಇರುವುದಿಲ್ಲ. ಇದೆಲ್ಲ ನಮಗೆ ಗೊತ್ತು. ಗೊತ್ತಿದ್ದೂ ನಾವು ಬಟ್ಟೆಯನ್ನು ನಡುವೆ ಮಡಿಸಿ, ಎರಡು ಪದರ ಕೂಡಿಸಿ ಒಂದೇ ಸಲ ಕತ್ತರಿಸುತ್ತೇವೆ. ಬಿಡಿಸಿದಾಗ ಎರಡೂ ಬದಿ ಒಂದೇ ತೆರನಾಗಿ ಬರುತ್ತವೆ. ಸಮಯ ಉಳಿಯುತ್ತದೆ. ಹೆಂಗಸು ತೊಟ್ಟುಕೊಂಡು, ಸರಿಯಾಗದ ಕಡೆಗೆ ತನ್ನ ಮೈಯನ್ನೇ ದೂರಿಕೊಂಡು ಸುಮ್ಮನಾಗುತ್ತಾಳೆ.

ನನ್ನ ಉಡುಪನ್ನು ನಾನೇ ಹೊಲಿಯಲು ನಿಶ್ಚಯಿಸಿದೆ. ನೈಲಾನಿನ ನಿಯಮಕ್ಕೆ ಕಾರಣ ಸಿಕ್ಕಿರಲಿಲ್ಲವಷ್ಟೆ. ಆದ್ದರಿಂದ ಅದನ್ನು ಪಾಲಿಸುವ ಅಗತ್ಯವೂ ನನಗೆ ಕಾಣಲಿಲ್ಲ. ರಾಯದುರ್ಗದಲ್ಲಿ ಬಟ್ಟೆಗೆ ಬರವೇ? ಓಣಿಗೊಂದು ಜೀನ್ಸ್ ಹೊಲಿಯುವ ಮನೆಯಿದೆ. ರಬ್ಬರಿನಂತೆ ಸಾಗುವ ಜೀನ್ಸ್ ಬಟ್ಟೆಯ ತುಂಡುಗಳನ್ನು ಪಕ್ಕದ ಮನೆಯ ಕತ್ತರಿ ಮೇಜಿನಿಂದ ತಂದೆ. ಎಡಗೈ ಚಾಚಲಾಗದ್ದರಿಂದ ಬಟ್ಟೆಯ ಮೇಲೆ ಗಂಡನ ಅಂಗಡಿಯ ಎರಡು ತೂಕದ ಕಲ್ಲಿಟ್ಟೆ. ಅಭ್ಯಾಸಬಲದಿಂದ ಬಟ್ಟೆಯನ್ನು ಮಡಿಸಿಯೇ ಕತ್ತರಿಸಿದೆ. ಎಡಗಡೆ ಖಾಲಿ ಉಳಿಯುತ್ತದಲ್ಲ, ಅದಕ್ಕೊಂದು ಉಪಾಯ ಆಗಲೇ ಇತ್ತು. ದಿನನಿತ್ಯ ರವಿಕೆಯೊಳಗೆ ಇಟ್ಟುಕೊಳ್ಳಲು ನಾನು ಮೊದಲು ಅರಳೆಯ ದಿಂಡು ಮಾಡಿದ್ದೆ; ತೂಕವಿಲ್ಲದೆ ಅದು ಕೊರಳಿನ ಕಡೆಗೆ ಏರುತ್ತಿತ್ತು. ಆಮೇಲೆ ಮೆತ್ತನೆಯ ಚೀಲಕ್ಕೆ ನವಣೆ ತುಂಬಿದೆ. ಬಲಗಡೆಯದರ ತೂಕಕ್ಕೆ ಸರಿಸಮ. ಆ ನವಣೆಯ ಚೀಲವನ್ನೇ ಈಜುಡುಪಿಗೂ ಸೇರಿಸಿದೆ. ಲಿಂಗವನ್ನು ಆ ದಿನದ ಮಟ್ಟಿಗೆ ದಾರ ಗಿಡ್ಡ ಮಾಡಿ ಬಲತೋಳಿಗೆ ಕಟ್ಟಿಕೊಂಡೆ.

ಲಾವಣ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಮ್ಮಾ, ಇದು ನೈಲಾನ್ ಕಾದು ಕದಾ? ನೈಲಾನ್ ಅಲ್ವಲ್ಲ?"

"ಸಾಗತೈತವ್ವ, ನೋಡು" ಎಂದು ಎಳೆದು ತೋರಿಸಿದೆ. ಅವಳು ಇನ್ನೇನೋ ಹೇಳುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದೆ.

ಜೀನ್ಸ್ ಹೊಲಿಯುವ ಊರಿನವರಿಗೆ ಈಗಾಗಲೇ ನಗು ಬಂದಿರಬಹುದು. ನಮ್ಮಲ್ಲಿ ಪ್ಯಾಂಟು ಹೊಲಿದಾದ ಮೇಲೆ ತೊಳೆಯುವ ಮನೆಗೆ ಹೋಗುತ್ತದೆ. ಹೆಚ್ಚಿನ ಬಣ್ಣ ಅಲ್ಲಿ ಬಿಡುತ್ತದೆ. ಕತ್ತರಿ ಮೇಜಿನ ತುಂಡು ಎಂದರೆ ಒಂದು ಹನಿ ನೀರನ್ನೂ ಕಾಣದ ಬಟ್ಟೆ. ನಾನು ಎದೆಮಟ್ಟದ ನೀರಿನಲ್ಲಿ ನಿಂತು ಕೈ ಆಡಿಸತೊಡಗಿದ ಕೂಡಲೇ ಸುತ್ತಲೂ ನೀಲಿ ಹೊಗೆಯಂತೆ ಹರಡಿತು.

"ಅಯ್ಯಯ್ಯೋ ಅಮ್ಮಾ! ನೀಳ್ಳಂತಾ ನೀಲಿ ಅಯಿಪೋಯಿಂದಿ! ಇದೇನು ಜೀನ್ಸ್ ವಾಷಿಂಗ್ ಯೂನಿಟ್ ಅನ್ಕೊಂಡ್ರಾ?" ಎಂದು ಲಾವಣ್ಯ ಕೂಗಿದಳು.

ಹೊರಬರಲು ಹೊರಟರೆ ಉಡುಪು ನೀರು ಕುಡಿದು ಗೋಣಿಚೀಲದಂತೆ ಭಾರವಾಗಿತ್ತು. ಅದರ ಮೇಲೆ ನವಣೆ. ಅದೂ ತನ್ನ ಪಾಲಿನ ನೀರು ಕುಡಿದು ಉಬ್ಬಿ, ಎದೆಯಿಂದ ಜಾರಿ ಹೊಟ್ಟೆಯ ಮೇಲೆ ಬಂದು ಕುಳಿತಿತ್ತು. ನೀಲಿ ಕೈ, ನೀಲಿ ಕಾಲು, ನಡುವೆ ಒಂದು ಗಡಿಗೆ. ಮೆಟ್ಟಿಲ ಮೇಲೆ ಕುಳಿತಿದ್ದ ಹೆಂಗಸರೆಲ್ಲ ಎದ್ದು ನಿಂತಿದ್ದರು. ಅವರಲ್ಲಿ ಮೀನಾಕ್ಷಿ ಎಂಬ ಬ್ಯಾಂಕಿನ ಉದ್ಯೋಗಿಯೂ ಇದ್ದಳು. ಮಂಡಿನೋವಿಗೆಂದು ದಿನವೂ ಬರುತ್ತಿದ್ದಳು. ಚೀಲದಲ್ಲಿ ಉಡುಪಿದ್ದರೂ ತೊಡಲು ನಾಚಿ, ಟವೆಲ್ ಸುತ್ತಿಕೊಂಡು ಕಾಲನ್ನಷ್ಟೇ ನೀರಿಗೆ ಬಿಟ್ಟು ಕೂರುವವಳು. ಅವಳೇ ಓಡಿಬಂದು ನನಗೆ ತನ್ನ ಟವೆಲ್ಲನ್ನು ಹೊದಿಸಿದಳು.

ನೈಲಾನೇ ಯಾಕೆಂಬುದಕ್ಕೆ ಕಾರಣ ನನ್ನ ಕಾಲಬುಡದಲ್ಲಿ ನೀಲಿಯಾಗಿ ಹರಿಯುತ್ತಿತ್ತು. ಲಾವಣ್ಯನ ಕ್ಷಮೆ ಕೇಳಿದೆ. ನೀರು ತಿಳಿಯಾಗಲು ಎರಡು ದಿನ ಹಿಡಿಯಿತಂತೆ. ಅವಳು ನನ್ನನ್ನು ಬರಬೇಡವೆನ್ನಲಿಲ್ಲ. ನಾನೇ ಹೋಗಲಿಲ್ಲ.

ವಿಷಯ ಮಡಕಶಿರಾದವರೆಗೆ ಹೋಯಿತು. ಗಂಗಮ್ಮ ಮರುದಿನವೇ ಬಸ್ಸು ಹತ್ತಿ ಬಂದಳು. ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಶುರುವಾಯಿತು: "ಅಲ್ಲ ಕಣಕ್ಕ, ಮೊಮ್ಮಕ್ಳಿಗೆ ಮದ್ವೆ ಆಗೋ ವಯ್ಸಲ್ಲಿ ಚಡ್ಡಿ ಇಕ್ಕಂಡು ಊರ್ ನೀರೆಲ್ಲಾ ನೀಲಿ ಮಾಡಿದ್ಯಂತಲ್ಲ!" ನಾನು ಉತ್ತರ ಕೊಡಲಿಲ್ಲ. ಅದು ಅವಳಿಗೆ ಹೊಸದು. ಪಕ್ಕದಲ್ಲಿ ಕುಳಿತು ನನ್ನ ಊದಿದ ಬೆರಳುಗಳನ್ನು ಒಂದೊಂದಾಗಿ ಒತ್ತತೊಡಗಿದಳು. ಕಿರುಬೆರಳಿಗೆ ಬಂದಾಗ, "ಕೈ ಕಟ್ಟಿದ್ದು ನಾನೇ ಅಲ್ವೇನಕ್ಕ. ಆಸ್ಪತ್ರೆ ಆಳೆ ಗೂಡ್ನಾಗಿಕ್ಕಿ ಪೂಜೆ ಮಾಡ್ದೆ" ಎಂದಳು. ಅವಳ ಕಣ್ಣು ತುಂಬಿತ್ತು.

"ಕಟ್ಟಿಸಿಕೊಂಡವಳು ನಾನು" ಎಂದೆ.

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ಅಂಗಳದ ತಂತಿಯ ಮೇಲೆ ಒಣಗುತ್ತಿದ್ದ ಉಡುಪನ್ನೂ ಚೀಲವನ್ನೂ ನೋಡಿ, "ಅದ್ಯಾಕೆ ನವಣೆ ತುಂಬ್ಕಂಡು ಓದೆ?" ಎಂದು ಕೇಳಿದಳು.

"ಎರಡೂ ಕಡೆ ಒಂದೇ ತರ ಕಾಣ್ಲಿ ಅಂತ."

"ಯಾರಿಗ್ ಕಾಣ್ಬೇಕು? ನಿಂಗೆ ಎಡಗಡೆ ತಗ್ದವ್ರೆ ಅಂತ ಊರ್ಗೆಲ್ಲಾ ಗೊತ್ತೈತೆ, ನಮ್ಮೂರ್ಗೂ ಗೊತ್ತೈತೆ. ಗೊತ್ತಿಲ್ದೆ ಇರೋದು ಆ ನವಣೆಗೊಂದೇ."

ನಗು ಬಂತು. ತಡೆಯಲಾರದ ನಗು. ಒಳಗಿದ್ದ ಗಂಡ ಏನಾಯಿತೆಂದು ಹೊರಗೆ ಬಂದರು. ನಕ್ಕು ಮುಗಿಸಿದ ಮೇಲೆ ನಾನು ಎದ್ದು ಆ ನೀಲಿ ಉಡುಪಿನ ಹೊಲಿಗೆ ಬಿಚ್ಚಿದೆ, ತುಂಡುಗಳನ್ನು ನೆಲದ ಮೇಲೆ ಹರಡಿದೆ. ಎರಡೂ ಬದಿ ಒಂದೇ ತೆರ. ನಲವತ್ತು ವರ್ಷ ಇತರರ ವಿಷಯದಲ್ಲಿ ನಾನು ಮಾಡಿದ ತಪ್ಪು ನೆಲದ ಮೇಲೆ ಬಿದ್ದಿತ್ತು. ಆ ಫೋನಿನ ಪಟ್ಟಿಯನ್ನು ಬೈದ ನಾನೂ ಅದೇ ಪಟ್ಟಿಯವಳಾಗಿದ್ದೆ: ಬಟ್ಟೆಯನ್ನು ಮಡಿಸಿದ ಮೇಲೆ ಮೈಯನ್ನು ಅದಕ್ಕೆ ಸರಿಹೊಂದಿಸಲು ಹೊರಟಿದ್ದೆ.

ಈ ಸಲ ಹೊಸ ಬಟ್ಟೆಯನ್ನು ಬಿಡಿಸಿಯೇ ಹಾಸಿದೆ. ಗಂಡ ಬಳ್ಳಾರಿಗೆ ಹೋಗಿ ಆಟದ ಉಡುಪಿಗೆ ಬಳಸುವ ಸಾಗುವ ನೈಲಾನ್ ತಂದಿದ್ದರು. ಬಣ್ಣ ಯಾವುದೆಂದು ಅವರು ಕೇಳಿದಾಗ ಗಿಳಿಹಸಿರು ಎಂದಿದ್ದೆ. ಕಪ್ಪಿನಲ್ಲಿ ಅಡಗಿ ಕೂರುವ ಅಗತ್ಯ ನನಗೆ ತೋರಲಿಲ್ಲ. ಗಂಗಮ್ಮ ಟೇಪು ಹಿಡಿದಳು, ನಾನು ಹೇಳಿದಂತೆ ಎಡಬದಿಯನ್ನೂ ಬಲಬದಿಯನ್ನೂ ಬೇರೆಬೇರೆ ಅಳೆದಳು. ಬಲಗಡೆ ಎದೆಗೆ ಬೇಕಾದ ಮಡಿಕೆ ಕೊಟ್ಟೆ. ಎಡಗಡೆ ಮಡಿಕೆಯಿಲ್ಲದೆ ಸಪಾಟಾಗಿ, ಮೈ ಹೇಗಿದೆಯೋ ಹಾಗೆ. ಎಡಕಂಕುಳಿನ ತೆರವು ಎರಡು ಬೆರಳು ಅಗಲ ಹೆಚ್ಚು, ಊದಿದ ತೋಳಿಗೆ ಏನೂ ಒತ್ತಬಾರದೆಂದು. ಭುಜದ ಪಟ್ಟಿ ಅಗಲ. ಕೊರಳು ಮೇಲಕ್ಕೆ, ಕಾಲು ಮಂಡಿಯವರೆಗೆ. ಅದು ನನ್ನ ಇಷ್ಟ, ಅಷ್ಟೆ. ಹತ್ತಿಯ ದಾರ ಎಳೆದರೆ ಹರಿಯುತ್ತದೆಂದು ಗಂಡ ಅಂಗಡಿಯಿಂದ ಪಾಲಿಯೆಸ್ಟರ್ ದಾರ ಆರಿಸಿಕೊಟ್ಟರು.

ಹೊಲಿದು ತೊಟ್ಟು ನಿಂತಾಗ ಎಡಗಡೆಯ ಸಪಾಟು ಜಾಗದ ಮೇಲೆ ಕೈ ಇಟ್ಟೆ. ಗಾಯದ ಗೆರೆ ಬಟ್ಟೆಯ ಕೆಳಗೆ ಬೆರಳಿಗೆ ಸಿಕ್ಕಿತು. ಅಲ್ಲೊಂದು ಚಿಕ್ಕ ಕಿಸೆಗೆ ಸರಿಯಾದ ಜಾಗವಿತ್ತು. ಗಂಡನ ಮುಖ ನೋಡಿದೆ. ಆಚಾರದಲ್ಲಿ ಅವರು ನನಗಿಂತ ಕಟ್ಟುನಿಟ್ಟು.

"ಲಿಂಗ ಇಲ್ಲಿ ಇಟ್ಕೊಂಡ್ರ ತಪ್ಪೇನ್ರಿ?"

"ಎದಿ ಮ್ಯಾಲ ಇರ್ಬೇಕು ಅಂತ ಐತಿ. ದಾರದಾಗೋ ಕಿಸೆದಾಗೋ ಅಂತ ನಾ ಎಲ್ಲೂ ಓದಿಲ್ಲ" ಎಂದರು. ಅಂಗಡಿಗೆ ಹೋಗಿ ಬಂದು, ನೀರಿಗೆ ತುಕ್ಕು ಹಿಡಿಯದ ಒಂದು ಹಸಿರು ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಂದೆ ಚಾಚಿದರು. ಕಿಸೆಯ ಬಾಯಿಗೆ ಅದನ್ನು ಹೊಲಿದೆ.

ಮರುದಿನ ಬೆಳಿಗ್ಗೆ ಲಾವಣ್ಯ ಉಡುಪಿನ ಅಂಚನ್ನು ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ, ಬಣ್ಣ ಹತ್ತಲಿಲ್ಲವೆಂದು ಖಾತ್ರಿ ಮಾಡಿಕೊಂಡು ನಕ್ಕಳು. "ಈಗ ಪರ್ವಾಲೇದಮ್ಮಾ. ಇಳೀರಿ." ಇಳಿದೆ. ನೀರು ಭುಜಕ್ಕೆ ಬಂದಾಗ ಎಡಗೈ ತಾನಾಗಿ ತೇಲಿತು. ತಿಂಗಳುಗಳಿಂದ ಹೊರೆಯಾಗಿದ್ದ ಕೈ ಅದು! ಒಂದು ಬದಿ ಭಾರ, ಒಂದು ಬದಿ ಹಗುರವಾದುದರಿಂದ ಮೊದಲು ನಾನು ಬಲಕ್ಕೆ ವಾಲುತ್ತಿದ್ದೆ. ಹೊಸ ಮೈಯನ್ನು ನೀರಿನಲ್ಲಿ ಹೊಸದಾಗಿ ಕಲಿಯಬೇಕಾಯಿತು. ಮೊದಲ ವಾರ ನಿಂತಲ್ಲೇ ಕೈ ಆಡಿಸಿದೆ. ಎರಡನೆಯ ವಾರ ಅಡ್ಡಡ್ಡ ಈಜಿದೆ. ನೋವಿತ್ತು, ಇಲ್ಲವೆಂದು ಹೇಳಿದರೆ ನಾನೂ ಸುಳ್ಳು ಪಟ್ಟಿ ಬರೆದವಳಾಗುತ್ತೇನೆ. ಲಾವಣ್ಯ ದಡದಲ್ಲಿ ಜೊತೆಜೊತೆಗೆ ನಡೆಯುತ್ತ, "ಎಡಗೈ ಅಮ್ಮಾ, ಎಡಗೈ! ಅದು ನಿದ್ದೆ ಹೋಗ್ತಾ ಉಂದಿ!" ಎಂದು ಕೂಗುತ್ತಿದ್ದಳು.

ಎರಡು ತಿಂಗಳು ಹಾಗೆ ನಡೆಯಿತು. ಕೈ ಎಷ್ಟು ಏರಿತೆಂದು ನಾನು ಅಳೆಯುವುದನ್ನು ಬಿಟ್ಟಿದ್ದೆ. ಅಳೆದು ಅಳೆದು ಬೇಸತ್ತಿದ್ದೆ ಎನ್ನುವುದು ನಿಜ. ಅಳೆದರೆ ಮತ್ತೆ ಅದೇ ಗೆರೆ ಸಿಕ್ಕೀತೆಂಬ ಅಂಜಿಕೆ ಎನ್ನುವುದು ಹೆಚ್ಚು ನಿಜ.

ಒಂದು ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಮೀನಾಕ್ಷಿ ನನ್ನನ್ನು ತಡೆದು ನಿಲ್ಲಿಸಿದಳು. ಅವಳಿನ್ನೂ ಟವೆಲ್ಲಿನಲ್ಲೇ ಇದ್ದಳು. "ಅಕ್ಕಾರ, ನನಗೂ ಒಂದು ಹೊಲದು ಕೊಡ್ತೀರೇನ್ರಿ? ಆ ಪಟ್ಟಿಯಾಗ ನನ್ನ ಮೈ ಯಾವ ಹಣ್ಣಿಗೂ ಹೋಲಂಗಿಲ್ರಿ. ಬಾಣಂತನ ಆದ ಮ್ಯಾಲ ಹೊಟ್ಟಿ ಒಂದು ಕಡೆ ಇಳಿದೈತಿ, ಸಿಜೇರಿಯನ್ ಗೆರಿ ಬ್ಯಾರೆ. ಹೆಂಗ ಇಳೀಲಿ ನೀರಿಗೆ?"

"ಹಣ್ಣು ಯಾಕ ಹೋಲಬೇಕವ್ವ? ನೀ ಏನು ಸಂತಿಗೆ ಬಂದೀಯೇನು?" ಎಂದು ಚೀಲದಿಂದ ಟೇಪು ತೆಗೆದೆ. ಕೆಲಸ ಮತ್ತೆ ನನ್ನನ್ನು ಹುಡುಕಿಕೊಂಡು ಬಂದ ಮೊದಲ ದಿನ ಅದು. ನನ್ನ ಗಮನವೆಲ್ಲ ಅವಳ ಮೈಯ ಮೇಲಿತ್ತು. "ಟವೆಲ್ ಬಿಡು. ನೆಟ್ಟಗ ನಿಲ್ಲು. ಕೈ ಎತ್ತು."

ಅವಳು ನಾಚಿ ಮೊಣಕೈ ಅಷ್ಟೇ ಎತ್ತಿದಳು. ಹೊಲಿಯುವವರಿಗೆಲ್ಲ ಒಂದು ಅಭ್ಯಾಸವಿರುತ್ತದೆ. ಬಾಯಲ್ಲಿ ಹೇಳಿದ್ದು ತಿಳಿಯದಿದ್ದರೆ ತಾವೇ ಮಾಡಿ ತೋರಿಸುತ್ತಾರೆ. ಟೇಪನ್ನು ಕೊರಳಿಗೆ ಹಾಕಿಕೊಂಡು, "ಹಂಗಲ್ಲ. ಹಿಂಗ" ಎಂದು ನನ್ನ ಎರಡೂ ಕೈಗಳನ್ನು ಮೇಲೆತ್ತಿದೆ.

ಮೀನಾಕ್ಷಿ ನನ್ನಂತೆಯೇ ಎತ್ತಿದಳು. ಅಷ್ಟರಲ್ಲಿ ಲಾವಣ್ಯ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳ ಮುಖ ನೋಡಿ, ಅವಳು ನೋಡುತ್ತಿದ್ದ ಕಡೆಗೆ ನಾನೂ ನೋಡಿದೆ. ಎದುರಿನ ಕನ್ನಡಿಯಲ್ಲಿ ಗಿಳಿಹಸಿರು ಉಡುಪಿನ ಮುದುಕಿಯೊಬ್ಬಳು ಎರಡೂ ತೋಳುಗಳನ್ನು ಕಿವಿಗೆ ತಾಗುವಷ್ಟು ಎತ್ತಿ ನಿಂತಿದ್ದಳು. ಎಡಗೈಯ ಬೆರಳುಗಳು ಬಲಗೈಯ ಬೆರಳುಗಳಿಗಿಂತ ಒಂದಿಷ್ಟು ಕೆಳಗೆ, ಒಂದಿಷ್ಟೇ.

ಕೊನೆಗೆ ಮೀನಾಕ್ಷಿಗೆ ತೋಳು ಸೋತಿರಬೇಕು.

"ಅಕ್ಕಾರ, ಇನ್ನ ಕೈ ಇಳಸ್ಲೇನ್ರಿ?"

"ತಡಿಯವ್ವ" ಎಂದೆ. "ನಾನ ಇನ್ನೂ ಇಳಿಸಿಲ್ಲ."